ಗ್ಯಾಲರಿಯ ಬೆಲೆ

2016ರ ಏಪ್ರಿಲ್ 30ರಂದು ಪಶ್ಚಿಮ ಬೆಂಗಳೂರಿನ ಅತ್ತಿಗುಪ್ಪೆಗೆ ಕಂಠೀರವ ಕ್ರೀಡಾಂಗಣ ಹತ್ತಿರವಾಯಿತು. ಮಾಗಡಿ ರಸ್ತೆಯಿಂದ ಎಂ.ಜಿ. ರಸ್ತೆಯ ಕಡೆಗೆ ಕೊರೆದಿದ್ದ ಸುರಂಗದಲ್ಲಿ ಅಂದಿನಿಂದ ಮೆಟ್ರೊ ಓಡತೊಡಗಿತು. ಅತ್ತಿಗುಪ್ಪೆಯ ನಿಲ್ದಾಣ ಅದಕ್ಕೆ ಐದೂವರೆ ತಿಂಗಳು ಮೊದಲೇ, 2015ರ ನವೆಂಬರ್ 16ರಂದು ತೆರೆದಿತ್ತು. ಆದರೆ ಆಗ ರೈಲು ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಗೆ ಹೋಗಿ ಅಲ್ಲಿಂದಲೇ ಹಿಂದಿರುಗುತ್ತಿತ್ತು. ಸುರಂಗ ತೆರೆದ ಮೇಲೆ ಕಾರ್ಡ್ ರೋಡಿನ ಮೇಲೆ ರೈಲು ಹತ್ತಿದವರು ವಿಜಯನಗರ, ಹೊಸಹಳ್ಳಿ, ಮೆಜೆಸ್ಟಿಕ್ ದಾಟಿ ಕಬ್ಬನ್ ಪಾರ್ಕಿನಲ್ಲಿ ಇಳಿಯುವಂತಾಯಿತು. ಅಲ್ಲಿಂದ ಉದ್ಯಾನದ ಮರಗಳ ಕೆಳಗೆ ಸ್ವಲ್ಪ ದೂರ ನಡೆದರೆ ಕಂಠೀರವದ ಗೇಟು.

ಒಳ್ಳೆಯ ಹೊತ್ತಿನಲ್ಲೇ ಈ ದಾರಿ ತೆರೆಯಿತು. ಹದಿಮೂರು ದಿನ ಮೊದಲು, ಏಪ್ರಿಲ್ 17ರಂದು, ಅದೇ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಗೋವಾದ ಸಾಲ್ಗಾಂವ್‌ಕರ್ ತಂಡವನ್ನು 2–0ಯಿಂದ ಮಣಿಸಿ ಎರಡನೇ ಸಲ ಐ-ಲೀಗ್ ಗೆದ್ದುಕೊಂಡಿತ್ತು. ಆ ಕ್ಲಬ್ಬಿಗೆ ಆಗ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ನಮ್ಮ ಫುಟ್‌ಬಾಲಿನ ಕತೆಯಲ್ಲಿ 2016ಕ್ಕೆ ನಾನು ವಿಶೇಷ ಸ್ಥಾನ ಕೊಡುತ್ತೇನೆ. ಆಟ ನೋಡುವ ಸಾಮಾನ್ಯ ಮನುಷ್ಯ ಎಷ್ಟು ದುಡ್ಡು ತೆರಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆ ಇಂಗ್ಲೆಂಡ್, ಜರ್ಮನಿಗಳ ಗ್ಯಾಲರಿಗಳಿಂದ ಹೊರಗೆ ಸಿಡಿದದ್ದು ಅದೇ ವರ್ಷ. ಪಶ್ಚಿಮ ಬೆಂಗಳೂರಿನ ಬಡಾವಣೆಗಳಿಗೆ ಈ ಊರಿನ ಫುಟ್‌ಬಾಲ್ ಕೈಗೆಟುಕಿದ್ದೂ ಅದೇ ವರ್ಷ. ಅಲ್ಲಿ ಜನ ಹೊರಗೆ ಹೋಗುತ್ತಿದ್ದಾಗ ಇಲ್ಲಿ ಜನ ಒಳಗೆ ಬರುತ್ತಿದ್ದರು.

ಬೆಂಗಳೂರಿನ ಫುಟ್‌ಬಾಲ್ ಹುಟ್ಟಿ ಬೆಳೆದದ್ದು ದಂಡಿನಲ್ಲಿ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ಹೂಡಿದ ದಂಡು 1949ರವರೆಗೂ ಪೇಟೆಯಿಂದ ಬೇರೆಯೇ ಆಡಳಿತದಲ್ಲಿತ್ತು. ಭಾಷೆ, ಊಟ, ಆಟ ಎಲ್ಲವೂ ಬೇರೆ. ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರಗಳ ಹುಡುಗರು ಸಿಪಾಯಿಗಳ ಆಟ ನೋಡುತ್ತ ನೋಡುತ್ತ ತಾವೂ ಆಡಿದರು, ನೋಡನೋಡುತ್ತ ಅವರನ್ನು ಮೀರಿಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. 1891ರಿಂದ ನಡೆಯುತ್ತಿದ್ದ, ಬ್ರಿಟಿಷ್ ರೆಜಿಮೆಂಟುಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಭಾರತೀಯ ನಾಗರಿಕರ ತಂಡವೊಂದು ಎತ್ತಿದ್ದು ಅದೇ ಮೊದಲು. ಮರುವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದ ಆ ತಂಡದಲ್ಲಿ ಅಹ್ಮದ್ ಖಾನ್, ಧನರಾಜ್ ಕೂಡ ಇದ್ದರು. ಆಮೇಲೆ ಮೆಲ್ಬರ್ನ್ ಮತ್ತು ರೋಮ್ ಒಲಿಂಪಿಕ್ಸ್‌ಗಳಿಗೆ ಕೆಂಪಯ್ಯ ಹೋದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಮೈಸೂರು ರಾಜ್ಯ 1946–47, 1952–53, 1967–68, 1968–69ರಲ್ಲಿ, ಹೀಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು.

ಆಟಗಾರರ ಹೆಸರುಗಳನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಇವರು ತರಬೇತಿ ಅಕಾಡೆಮಿಯಲ್ಲಿ ಶುಲ್ಕ ಕಟ್ಟಿ ಕಲಿತವರಲ್ಲ. ಮೈದಾನದ ಅಂಚಿನಲ್ಲಿ ನಿಂತು ದೊಡ್ಡವರ ಆಟ ನೋಡಿ ಕಲಿತ ಕೇರಿಗಳ ಮಕ್ಕಳು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಂತಿರುವುದನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅಗ್ಗದ ಗ್ಯಾಲರಿ ಎಂದರೆ ಬಡವರಿಗೆ ತೋರಿಸುವ ದಯೆ ಎಂದು ಹಲವರು ಭಾವಿಸುತ್ತಾರೆ. ನನಗೆ ಅದು ಆಟದ ಬೇರು. ನೋಡುವವನನ್ನು ಹೊರಗಿಟ್ಟರೆ ಮುಂದಿನ ತಲೆಮಾರಿನ ಆಡುವವನೂ ಅವನ ಜೊತೆಗೇ ಹೊರಗುಳಿಯುತ್ತಾನೆ.

ಇಷ್ಟೆಲ್ಲ ನಡೆಯುವಾಗ ಅತ್ತಿಗುಪ್ಪೆ ಪೇಟೆಯಿಂದಲೂ ಆಚೆಗಿನ ಹಳ್ಳಿ. ವಿಜಯನಗರ, ಹಂಪಿನಗರ, ಚಂದ್ರಾ ಬಡಾವಣೆಗಳು ಅದನ್ನು ಸುತ್ತುವರಿದದ್ದು ಬಹಳ ತಡವಾಗಿ. ಇಲ್ಲಿಯ ಹುಡುಗರಿಗೆ ಕ್ರಿಕೆಟ್ಟೇ ಉಸಿರು. ಫುಟ್‌ಬಾಲ್ ಬಂದದ್ದು ದೂರದರ್ಶನದ ಮೂಲಕ, 1986ರ ಮೆಕ್ಸಿಕೊ ವಿಶ್ವಕಪ್ಪಿನ ಮರಡೋನಾನ ಬೆನ್ನೇರಿ. ಆಮೇಲೆ ಕೇಬಲ್ ಟಿವಿಯಲ್ಲಿ ಇಂಗ್ಲಿಷ್ ಲೀಗ್ ಬಂತು. ಹೀಗಾಗಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಎಲ್ಲಿದೆ ಎಂದು ತಿಳಿಯದ, ಆದರೆ ಲಿವರ್‌ಪೂಲ್ ತಂಡದ ಹನ್ನೊಂದು ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವ ಹುಡುಗರು ಈ ಬೀದಿಗಳಲ್ಲಿ ಬೆಳೆದರು.

ಅತ್ತ ಪೂರ್ವದಲ್ಲಿ ದಂಡಿನ ಆಟವನ್ನು ಬಹುಕಾಲ ಹೊತ್ತದ್ದು ಸರ್ಕಾರಿ ಕಾರ್ಖಾನೆಗಳು. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಲ್‌ಆರ್‌ಡಿಇ, ಸೇನೆಯ ಎಂಇಜಿ. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗುತ್ತಿತ್ತು, ಪಿಂಚಣಿ ಸಿಗುತ್ತಿತ್ತು. 1977ರಲ್ಲಿ ಮೊದಲ ಫೆಡರೇಷನ್ ಕಪ್ ನಡೆದಾಗ ಫೈನಲ್‌ನಲ್ಲಿ ಮೋಹನ್ ಬಾಗಾನ್‌ನಂಥ ತಂಡವನ್ನು ಸೋಲಿಸಿ ಕಪ್ ಹೊತ್ತು ತಂದದ್ದು ಟೆಲಿಫೋನ್ ತಯಾರಿಸುವ ನಮ್ಮ ಐಟಿಐ. ಕಾರ್ಖಾನೆಗಳು ಸೊರಗಿ, ಕ್ರೀಡಾ ನೇಮಕಾತಿ ನಿಂತ ಮೇಲೆ ಗ್ಯಾಲರಿಯೂ ಸೊರಗಿತು.

ಆ ಬರಿದಾದ ಜಾಗಕ್ಕೆ 2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿಯ ಹಣದೊಂದಿಗೆ ಬೆಂಗಳೂರು ಎಫ್‌ಸಿ ಬಂತು. ಸೆಪ್ಟೆಂಬರ್ 22ರ ಭಾನುವಾರ ಅಶೋಕನಗರದಲ್ಲಿ ಮೋಹನ್ ಬಾಗಾನ್ ಎದುರು ಮೊದಲ ಪಂದ್ಯ, 1–1. ಮುಂದಿನ ಏಪ್ರಿಲ್ 21ರಂದು ಗೋವಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಆಡಿದ ಮೊದಲ ವರ್ಷವೇ ದೇಶದ ಚಾಂಪಿಯನ್. ಆಷ್ಲೆ ವೆಸ್ಟ್‌ವುಡ್ ಕೋಚ್, ಸುನಿಲ್ ಚೆಟ್ರಿ ನಾಯಕ. ಗೆಲುವಿಗಿಂತ ನನ್ನನ್ನು ಸೆಳೆದದ್ದು ಆ ಸ್ಟೇಡಿಯಂನ ಪಶ್ಚಿಮದ ಗ್ಯಾಲರಿ. ಅಲ್ಲಿ ತೊಂಬತ್ತು ನಿಮಿಷವೂ ನಿಂತೇ ಇರುವ, ಡೋಲು ಬಾರಿಸುವ, ನೀಲಿ ಬಟ್ಟೆ ಹಾರಿಸುವ ಗುಂಪೊಂದು ಕೂಡಿಕೊಂಡು ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡಿತು. ತಂಡ ಕಂಠೀರವಕ್ಕೆ ಹೋದಾಗ ಆ ಗುಂಪೂ ಅದರ ಹೆಸರೂ ಜೊತೆಗೇ ಹೋದವು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಅಭ್ಯಾಸಕ್ಕೆ ಜಾಗ ಹೋಯಿತೆಂದು ಅಥ್ಲೀಟುಗಳು ನೊಂದುಕೊಂಡರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಅವರ ದೂರು ನ್ಯಾಯವಾದದ್ದೇ. ನೋಡುವವರಿಗೂ ಆಟ ಒಂದಿಷ್ಟು ದೂರವಾಯಿತು. ಆದರೂ ಊರಿನ ನಟ್ಟನಡುವೆ, ಬಸ್ಸಿಗೂ ರೈಲಿಗೂ ಹತ್ತಿರದಲ್ಲಿ ಫುಟ್‌ಬಾಲ್ ಬಂದು ಕೂತಿತು.

ಈಗ 2016ರ ಫೆಬ್ರುವರಿಗೆ, ಲಿವರ್‌ಪೂಲಿಗೆ ಹೋಗಬೇಕು. ಅತ್ತಿಗುಪ್ಪೆಯ ಹುಡುಗರು ನಡುರಾತ್ರಿ ಎದ್ದು ನೋಡುತ್ತಿದ್ದ ಆ ಕ್ಲಬ್ಬು ಆ್ಯನ್‌ಫೀಲ್ಡ್ ಮೈದಾನದಲ್ಲಿ ಹೊಸ ಸ್ಟ್ಯಾಂಡ್ ಕಟ್ಟುತ್ತಿತ್ತು. ಮುಂದಿನ ಋತುವಿನ ಟಿಕೆಟ್ ದರ ಪ್ರಕಟವಾದಾಗ ಅತಿ ದುಬಾರಿ ಸೀಟು 59 ಪೌಂಡಿನಿಂದ 77ಕ್ಕೆ ಜಿಗಿದಿತ್ತು. ಒಂದು ಋತುವಿಡೀ ನೋಡುವ ಟಿಕೆಟ್ ಅಲ್ಲಿ ಮೊದಲ ಸಲ ಸಾವಿರ ಪೌಂಡ್ ದಾಟಿತ್ತು. 1989–90ರಲ್ಲಿ ಇದೇ ಮೈದಾನದ ಹೆಸರಾಂತ ಕಾಪ್ ಗ್ಯಾಲರಿಯಲ್ಲಿ ನಿಂತು ನೋಡಲು 4 ಪೌಂಡ್ ಸಾಕಾಗಿತ್ತು. ಕಾಲು ಶತಮಾನದಲ್ಲಿ ಬೆಲೆ ಹೀಗೆ ಏರಿತ್ತು.

ಫೆಬ್ರುವರಿ 6ರಂದು ಸಂಡರ್‌ಲ್ಯಾಂಡ್ ಎದುರು ಪಂದ್ಯ. ಲಿವರ್‌ಪೂಲ್ 2–0 ಮುಂದಿತ್ತು. ಎಪ್ಪತ್ತೇಳನೇ ನಿಮಿಷ ಬಂದೊಡನೆ, ಅಭಿಮಾನಿ ಸಂಘಗಳು ಮೊದಲೇ ಮಾತಾಡಿಕೊಂಡಿದ್ದಂತೆ, ಸುಮಾರು ಹತ್ತು ಸಾವಿರ ಜನ ಎದ್ದು ನಡೆದರು. ಟಿಕೆಟ್‌ಗೆ ದುಡ್ಡು ಕೊಟ್ಟವರು, ಅಪ್ಪನ ಕೈಹಿಡಿದು ಇದೇ ಗ್ಯಾಲರಿಗೆ ಬಂದು ಬೆಳೆದವರು, ಗೆಲ್ಲುತ್ತಿರುವ ತಮ್ಮ ತಂಡಕ್ಕೆ ಬೆನ್ನು ತಿರುಗಿಸಿ ಮೆಟ್ಟಿಲಿಳಿದರು. ಖಾಲಿಯಾದ ಗ್ಯಾಲರಿಯ ಮುಂದೆ ಸಂಡರ್‌ಲ್ಯಾಂಡ್ ಎರಡು ಗೋಲು ಹೊಡೆದು ಪಂದ್ಯ ಸಮ ಮಾಡಿಕೊಂಡಿತು. ನಾಲ್ಕು ದಿನಕ್ಕೆ ಕ್ಲಬ್ಬಿನ ಅಮೆರಿಕದ ಮಾಲೀಕರು ಕ್ಷಮೆ ಕೇಳಿ, 77 ಪೌಂಡಿನ ದರ ಕೈಬಿಟ್ಟು, ಎರಡು ವರ್ಷ ಬೆಲೆ ಏರಿಸುವುದಿಲ್ಲ ಎಂದರು. ಮಾರ್ಚ್‌ನಲ್ಲಿ ಪ್ರೀಮಿಯರ್ ಲೀಗಿನ ಇಪ್ಪತ್ತೂ ಕ್ಲಬ್ಬುಗಳು ಇನ್ನೊಂದಕ್ಕೆ ಒಪ್ಪಿದವು: ಬೇರೆ ಊರಿಗೆ ತಂಡದ ಹಿಂದೆ ಹೋಗುವ ಅಭಿಮಾನಿಯ ಟಿಕೆಟ್ 30 ಪೌಂಡ್ ಮೀರಬಾರದು. ಮೂರು ವರ್ಷಕ್ಕೆಂದು ಬಂದ ಆ ಮಿತಿ ಅವಧಿ ಮುಗಿದಂತೆಲ್ಲ ಮುಂದುವರಿಯುತ್ತ ಬಂತು. ಅಭಿಮಾನಿಗಳು ಇಪ್ಪತ್ತು ಪೌಂಡ್ ಸಾಕು ಎಂದು ವರ್ಷಗಟ್ಟಲೆ ಕೇಳಿ, ಮೂವತ್ತರಲ್ಲಿ ನಿಲ್ಲಿಸಿದರು.

ಅದೇ ಫೆಬ್ರುವರಿ 9ರಂದು ಜರ್ಮನಿಯ ಷ್ಟುಟ್‌ಗಾರ್ಟ್‌ನಲ್ಲಿ ಡಾರ್ಟ್‌ಮಂಡ್ ಅಭಿಮಾನಿಗಳು ಆಟ ಶುರುವಾದರೂ ಒಳಗೆ ಬರಲಿಲ್ಲ. ತಡವಾಗಿ ಬಂದು ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದರು. ಅತಿಥೇಯ ಕ್ಲಬ್ಬು ಹೇಳಿದ ಟಿಕೆಟ್ ದರ ಅವರನ್ನು ಕೆರಳಿಸಿತ್ತು. ಅವರ ತವರಿನ ದಕ್ಷಿಣ ಗ್ಯಾಲರಿಯಲ್ಲಿ ಇವತ್ತಿಗೂ ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ ಅಗ್ಗದ ದರದಲ್ಲಿ ನಿಂತು ಆಟ ನೋಡುತ್ತಾರೆ. ಕ್ಲಬ್ಬಿನ ಹೆಚ್ಚಿನ ಮತಗಳು ಸದಸ್ಯರ ಕೈಯಲ್ಲೇ ಇರಬೇಕೆಂಬ ಜರ್ಮನ್ ನಿಯಮ ಅದಕ್ಕೆ ಒಂದು ಕಾರಣ.

ಇಂಗ್ಲೆಂಡಿನಲ್ಲಿ ಬೆಲೆ ಏರಲು ತೊಡಗಿದ್ದರ ಹಿಂದೆ ಒಂದು ದುರಂತವಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದಲ್ಲಿ ನಿಂತು ನೋಡುವ ಗ್ಯಾಲರಿಯ ಕಂಬಿಗಳ ನಡುವೆ ನೂಕುನುಗ್ಗಲಾಗಿ ಲಿವರ್‌ಪೂಲಿನ ಅಭಿಮಾನಿಗಳು ಉಸಿರುಗಟ್ಟಿ ಸತ್ತರು. ಆಗಿನ ಗಾಯದಿಂದ ದಶಕಗಳ ಬಳಿಕ ತೀರಿಕೊಂಡವರೂ ಸೇರಿ ಒಟ್ಟು 97 ಜನ. ತಪ್ಪು ಪೊಲೀಸರದಾಗಿದ್ದರೂ ಕುಡಿದು ನುಗ್ಗಿದ ಪುಂಡರೆಂದು ಸತ್ತವರನ್ನೇ ದೂರಿದರು. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನ ಇರಬೇಕೆಂದರು. ಆ ಮಾತು ಎಲ್ಲರಿಗೂ ನೆನಪಿದೆ. ಅದೇ ವರದಿಯ ಇನ್ನೊಂದು ಮಾತು ಮರೆತುಹೋಗಿದೆ. ಗ್ಲಾಸ್ಗೊದ ಐಬ್ರಾಕ್ಸ್‌ನಲ್ಲಿ ಕೂತು ನೋಡಲು 6 ಪೌಂಡ್, ನಿಂತು ನೋಡಲು 4 ಪೌಂಡ್ ಇದೆ, ಇಷ್ಟು ಅಂತರ ಯಾರನ್ನೂ ಹೊರಗಿಡುವಂಥದಲ್ಲ ಎಂದು ಅವರು ಬರೆದಿದ್ದರು. ಆಸನ ಬಂತು, ಆರು ಪೌಂಡ್ ಉಳಿಯಲಿಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿತು. ಟಿವಿಯ ಹಣ ಹೊಳೆಯಾಗಿ ಹರಿಯಿತು. 2016ರಿಂದ 2019ರವರೆಗಿನ ಮೂರು ವರ್ಷಕ್ಕೆ ಬ್ರಿಟನ್ ಒಂದರಲ್ಲೇ 513 ಕೋಟಿ ಪೌಂಡಿಗೂ ಹೆಚ್ಚಿನ ಒಪ್ಪಂದವಾಗಿತ್ತು. ಗ್ಯಾಲರಿಯ ಟಿಕೆಟ್ಟನ್ನು ಪುಕ್ಕಟೆ ಕೊಟ್ಟರೂ ನಡೆಯುವಷ್ಟು ಹಣ ಕೈಯಲ್ಲಿರುವಾಗ 77 ಪೌಂಡ್ ಕೇಳಿದ್ದು ಲಿವರ್‌ಪೂಲಿನ ಜನರನ್ನು ಅಷ್ಟು ನೋಯಿಸಿತು.

2016ರ ಏಪ್ರಿಲ್ 26ರಂದು, ಮಾಗಡಿ ರಸ್ತೆಯ ಸುರಂಗ ತೆರೆಯುವುದಕ್ಕೆ ನಾಲ್ಕು ದಿನ ಮೊದಲು, ಹಿಲ್ಸ್‌ಬರೊ ವಿಚಾರಣೆಯ ಜ್ಯೂರಿ ತೀರ್ಪು ಕೊಟ್ಟಿತು. ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟವರು, ಅಭಿಮಾನಿಗಳದ್ದು ಏನೂ ತಪ್ಪಿಲ್ಲ. ಇಷ್ಟು ಹೇಳಿಸಲು ಆ ಮನೆಗಳವರು ಇಪ್ಪತ್ತೇಳು ವರ್ಷ ಹೋರಾಡಬೇಕಾಯಿತು.

ಬೆಂಗಳೂರಿಗೆ ಬರೋಣ. 2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ಆದೇಶದ ಬೆನ್ನಿಗೆ ಊರು ಹೊತ್ತಿಕೊಂಡಿತು. ಮೈಸೂರು ರಸ್ತೆಯ ಕಡೆ ಖಾಸಗಿ ಬಸ್ಸುಗಳು ಸಾಲಾಗಿ ಉರಿದುಹೋದವು. ಕರ್ಫ್ಯೂ ಬಿದ್ದ ಹದಿನಾರು ಠಾಣೆಗಳಲ್ಲಿ ಬಹುಪಾಲು ಈ ಪಶ್ಚಿಮದವೇ: ವಿಜಯನಗರ, ಚಂದ್ರಾ ಬಡಾವಣೆ, ಮಾಗಡಿ ರಸ್ತೆ, ಬ್ಯಾಟರಾಯನಪುರ, ಕಾಮಾಕ್ಷಿಪಾಳ್ಯ, ರಾಜಾಜಿನಗರ, ಕೆಂಗೇರಿ. ಅತ್ತಿಗುಪ್ಪೆಯ ಅಂಗಡಿಗಳ ಶಟರ್ ಇಳಿದವು, ಬೀದಿಗಳಲ್ಲಿ ಬೂಟಿನ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. 14ರ ಬುಧವಾರ ಬೆಳಿಗ್ಗೆ ಕರ್ಫ್ಯೂ ತೆಗೆದರು. ಅದೇ ಬುಧವಾರ ಕಂಠೀರವದಲ್ಲಿ ಎಎಫ್‌ಸಿ ಕಪ್ಪಿನ ಕ್ವಾರ್ಟರ್ ಫೈನಲ್. ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್ ಎದುರು ಬೆಂಗಳೂರು 1–0ಯಿಂದ ಗೆದ್ದಿತು.

ಐದು ವಾರದ ಬಳಿಕ, ಅಕ್ಟೋಬರ್ 19, ಮತ್ತೊಂದು ಬುಧವಾರ. ಸೆಮಿಫೈನಲ್. ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಂ, ಹಾಲಿ ಚಾಂಪಿಯನ್. ಅವರ ಊರಿನ ಪಂದ್ಯ 1–1ರಲ್ಲಿ ಮುಗಿದಿತ್ತು. ಕಂಠೀರವ ಕಿಕ್ಕಿರಿದಿತ್ತು. ಆಫೀಸಿನ ಬ್ಯಾಗು ಬೆನ್ನಿಗೇರಿಸಿಕೊಂಡೇ ಬಂದವರು, ಕಾಲೇಜಿನಿಂದ ನೇರ ಬಂದವರು, ಪಶ್ಚಿಮದಿಂದ ಮೆಟ್ರೊದ ನೇರಳೆ ಮಾರ್ಗದ ರೈಲಿನಲ್ಲಿ ಬಂದಿಳಿದವರು. ಹನ್ನೊಂದನೇ ನಿಮಿಷಕ್ಕೇ ಜೊಹೊರ್ ಗೋಲು ಹೊಡೆದು ಗ್ಯಾಲರಿಯ ಬಾಯಿ ಕಟ್ಟಿಹಾಕಿತು. ವಿರಾಮಕ್ಕೆ ನಾಲ್ಕು ನಿಮಿಷವಿದ್ದಾಗ ಚೆಟ್ರಿ ಸಮ ಮಾಡಿದರು. ಅರವತ್ತೇಳನೇ ನಿಮಿಷದಲ್ಲಿ ಮತ್ತೆ ಚೆಟ್ರಿ. ಎಪ್ಪತ್ತಾರರಲ್ಲಿ ಸ್ಪೇನಿನ ಹುವಾನನ್. 3–1. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡ ಒಂದು ಗೋಲಿನಿಂದ ಗೆದ್ದಿತು. ಮೂರು ದಿನ ಕಳೆದು, ನವೆಂಬರ್ 8ರ ರಾತ್ರಿ, ಐನೂರು, ಸಾವಿರ ರೂಪಾಯಿಯ ನೋಟುಗಳು ರದ್ದಾದವು. ಊರೆಲ್ಲ ಎಟಿಎಂ ಮುಂದೆ ಸಾಲುಗಟ್ಟಿ ನಿಂತಿತು. ಕೈಯಲ್ಲಿ ನೋಟು ಹಿಡಿದು ಕೌಂಟರಿಗೆ ಹೋಗಿ ಟಿಕೆಟ್ ಕೊಳ್ಳುವ ರೂಢಿ ಅಲ್ಲಿಂದಾಚೆಗೆ ಕರಗುತ್ತಲೇ ಹೋಯಿತು.

ಆ ಒಂದು ವರ್ಷ ಪಶ್ಚಿಮದವರ ಪಾಲಿಗೆ ಎಲ್ಲವೂ ಕೂಡಿಬಂದಿತ್ತು: ರೈಲು, ಗೆಲ್ಲುವ ತಂಡ, ಸಂಜೆಯ ಹೊತ್ತಿನ ಪಂದ್ಯ, ಹಾಡಲು ಕಲಿಸಿದ ಗ್ಯಾಲರಿ. ಆಮೇಲೆ ಖರ್ಚು ಕಣ್ಣಿಗೆ ಬೀಳದ ಹಾಗೆ ಒಂದೊಂದೇ ಬದಿಯಿಂದ ಸೇರಿಕೊಂಡಿತು.

2017ರಲ್ಲಿ ಕ್ಲಬ್ಬು ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗಿಗೆ ಹೋಯಿತು. ಅದು ಟಿವಿಗಾಗಿ ರೂಪಿಸಿದ ಲೀಗು. ಪಂದ್ಯ ಹೆಚ್ಚಾಗಿ ಶುರುವಾಗುವುದು ರಾತ್ರಿ ಏಳೂವರೆಗೆ, ಕೆಲವೊಮ್ಮೆ ಎಂಟಕ್ಕೆ. ಮನೆಯಲ್ಲಿ ಸೋಫಾದ ಮೇಲೆ ಕೂತವರಿಗೆ ಅದು ಒಳ್ಳೆಯ ಹೊತ್ತು. ಅತ್ತಿಗುಪ್ಪೆಯಿಂದ ಬಂದ ಸಂಸಾರಕ್ಕೆ ಹಾಗಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಂದಿಟ್ಟುಕೊಳ್ಳಿ. ನಾಲ್ಕು ಟಿಕೆಟ್, ಆ್ಯಪ್‌ನಲ್ಲಿ ಕೊಂಡರೆ ಅದರ ಶುಲ್ಕ ಬೇರೆ. ಹೋಗಿಬರಲು ಮೆಟ್ರೊದಲ್ಲಿ ಎಂಟು ಪ್ರಯಾಣ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ನಡುವಿನ ದೂರಗಳಿಗೂ ಏರಿಕೆಯ ಬಿಸಿ ತಟ್ಟಿತು. 2023ರ ಜೂನ್ 11ರಿಂದ ತಾಯಿಗೂ ಮಗಳಿಗೂ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತವೇನೋ ಹೌದು, ಆದರೆ ಪಂದ್ಯ ಮುಗಿದು ಗೇಟು ದಾಟುವಾಗ ಒಂಬತ್ತೂವರೆ ಮೀರಿರುತ್ತದೆ. ಮೆಜೆಸ್ಟಿಕ್ಕಿಗೆ ಹೋಗಿ ವಿಜಯನಗರದ ಬಸ್ಸು ಕಾಯುತ್ತ ನಿಲ್ಲಲು ನಿದ್ದೆಗಣ್ಣಿನ ಮಕ್ಕಳಿಂದ ಆಗದು. ಮನೆಯಿಂದ ತಂದ ಚಪಾತಿ, ನೀರಿನ ಬಾಟಲಿ ದೊಡ್ಡ ಮೈದಾನಗಳ ಗೇಟಿನಲ್ಲೇ ಉಳಿಯುತ್ತವೆ. ಒಳಗೆ ಕೊಂಡು ತಿನ್ನಬೇಕು. ಮಗನಿಗೆ ಅಂಗಿ ಬೇಕು, ಬೆನ್ನ ಮೇಲೆ 11 ಎಂದು ಬರೆದದ್ದು. ಮಾರನೆಯ ದಿನ ಶಾಲೆ. ಹೀಗೆ ಲೆಕ್ಕ ಹಾಕಿದರೆ ಟಿಕೆಟ್ ಅಗ್ಗವಾಗಿದ್ದರೂ ಸಂಜೆ ಅಗ್ಗವಲ್ಲ. ಅಗ್ಗದ ಟಿಕೆಟ್ ಇಟ್ಟಿದ್ದೇವಲ್ಲ ಎನ್ನುವವರು ಈ ಇಡೀ ಸಂಜೆಯ ಲೆಕ್ಕ ನೋಡಬೇಕು.

2023ರ ಮಾರ್ಚ್‌ನ ಎರಡು ದಿನ ಈ ಮಾತನ್ನು ಇನ್ನೊಂದು ಬಗೆಯಲ್ಲಿ ತೋರಿಸಿದವು. ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಾಕೌಟ್ ಪಂದ್ಯ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ಎದುರಾಳಿ ಸಜ್ಜಾಗುವ ಮೊದಲೇ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಹೊಡೆದರು. ಬ್ಲಾಸ್ಟರ್ಸ್ ಕೋಚ್ ತಂಡವನ್ನು ಕರೆದುಕೊಂಡು ಮೈದಾನದಿಂದ ಹೊರನಡೆದರು. ದೇಶವೆಲ್ಲ ಅದನ್ನೇ ಚರ್ಚಿಸುತ್ತಿದ್ದಾಗ, ಮರುದಿನ ಮಾರ್ಚ್ 4ರಂದು, ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಪಂದ್ಯ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ರಾಜ್ಯ ರಾಜ್ಯಗಳ ನಡುವಿನ ಆಟದ ಸೆಮಿಫೈನಲ್, ಫೈನಲ್‌ಗಳನ್ನು ಒಪ್ಪಂದದ ಮೇಲೆ ಅಲ್ಲಿಗೆ ಒಯ್ದಿದ್ದರು. 1969ರ ಗೆಲುವನ್ನು ಕಂಡ ಮುದುಕರು ಗೌತಮಪುರದಲ್ಲಿ, ಆಸ್ಟಿನ್ ಟೌನ್‌ನಲ್ಲಿ ಇನ್ನೂ ಇರುವಾಗ, ಅವರ ಮೊಮ್ಮಕ್ಕಳ ವಯಸ್ಸಿನ ಹುಡುಗರು ಗೆದ್ದದ್ದನ್ನು ನೋಡಲು ವಿಮಾನ, ವೀಸಾ ಬೇಕಾಗಿತ್ತು. ಯಾವ ಟಿಕೆಟ್ ದರವೂ ಜನರನ್ನು ಇಷ್ಟು ಖಂಡಿತವಾಗಿ ಹೊರಗಿಡಲಾರದು. ನನಗೆ ಇಂದಿಗೂ ಅದು ನುಂಗಲಾಗದ ನೋವು.

ಪಕ್ಕದ ಚಿನ್ನಸ್ವಾಮಿ ಕ್ರಿಕೆಟ್ ಮೈದಾನದಲ್ಲಿ ಆಗುತ್ತಿರುವುದನ್ನೂ ನೋಡಬೇಕು. 2025ರ ಐಪಿಎಲ್‌ನಲ್ಲಿ ಆರ್‌ಸಿಬಿಯ ತವರು ಪಂದ್ಯಗಳ ಅಗ್ಗದ ಟಿಕೆಟ್ಟೇ 2,300 ರೂಪಾಯಿಯ ಆಸುಪಾಸು, ಮೇಲಿನದು ನಲವತ್ತು ಸಾವಿರ ದಾಟಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಐಪಿಎಲ್ ಟಿಕೆಟ್‌ನ ಮೇಲಿನ ಜಿಎಸ್‌ಟಿ ಶೇ 28ರಿಂದ 40ಕ್ಕೆ ಹೋಯಿತು. ಸಾವಿರದ ಟಿಕೆಟ್‌ಗೆ ನಾನೂರು ತೆರಿಗೆ. ಅದಕ್ಕೂ ಮೊದಲು, ಜೂನ್ 4ರಂದು, ಕಪ್ ಗೆದ್ದ ತಂಡವನ್ನು ನೋಡಲು ಆ ಮೈದಾನದ ಗೇಟುಗಳ ಬಳಿ ಲಕ್ಷಾಂತರ ಜನ ಸೇರಿದರು. ನೇರಳೆ ಮಾರ್ಗದ ರೈಲುಗಳು ಆ ಸಂಜೆ ಕಬ್ಬನ್ ಪಾರ್ಕಿನಲ್ಲಿ ನಿಲ್ಲಲೂ ಆಗದೆ ಮುಂದೆ ಹೋದವು. ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರು, ಹೆಚ್ಚಿನವರು ಎಳೆಯರು. ವರ್ಷವಿಡೀ ಒಳಗೆ ಕಾಲಿಡುವ ಶಕ್ತಿ ಇಲ್ಲದವರಿಗೆ ಆ ಒಂದು ಸಂಜೆ ಬಾಗಿಲು ತೆರೆದೀತು ಎಂಬ ಆಸೆ ಹುಟ್ಟಿದ್ದರಲ್ಲಿ ಏನು ತಪ್ಪಿದೆ? ಹಿಲ್ಸ್‌ಬರೊ ಬಳಿಕ ಇಂಗ್ಲೆಂಡಿನಲ್ಲಿ ಸುರಕ್ಷತೆಯ ಹೆಸರಿನಲ್ಲಿ ಬಡವರನ್ನು ಹೊರಗಿಟ್ಟ ಹಾಗೆ ಇಲ್ಲಿ ಆಗಬಾರದು. ಗೇಟು ಅಗಲವಾಗಬೇಕು, ಅಗಲ ಮಾಡಿದ ಖರ್ಚನ್ನು ಹಿಂದಿನ ಸಾಲಿನವನ ತಲೆಗೆ ಕಟ್ಟಬಾರದು.

ಹೊರಜಗತ್ತಿನಲ್ಲಿ ಬೆಲೆ ಇನ್ನೂ ಮೇಲೇರುತ್ತಿದೆ. 2026ರ ವಿಶ್ವಕಪ್ಪಿನ ಫೈನಲ್‌ಗೆ ನಿಷ್ಠಾವಂತ ಅಭಿಮಾನಿಗಳಿಗೆಂದು ಇಟ್ಟ ಅತಿ ಅಗ್ಗದ ಟಿಕೆಟ್ಟೇ ನಾಲ್ಕು ಸಾವಿರ ಡಾಲರ್ ದಾಟಿದಾಗ ಯುರೋಪಿನ ಅಭಿಮಾನಿ ಸಂಘಗಳು ತಿರುಗಿಬಿದ್ದವು. 2025ರ ಡಿಸೆಂಬರ್‌ನಲ್ಲಿ ಫಿಫಾ 60 ಡಾಲರಿನ ಒಂದಿಷ್ಟು ಟಿಕೆಟ್‌ಗಳನ್ನು ಪ್ರಕಟಿಸಬೇಕಾಯಿತು. ಅದೇ ತಿಂಗಳ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮೆಸ್ಸಿಯನ್ನು ನೋಡಲು ಬಂದವರಿಗೆ ಕಂಡದ್ದು ಅವರ ಸುತ್ತ ಮುತ್ತಿಕೊಂಡ ಗಣ್ಯರ ಬೆನ್ನು. ರೊಚ್ಚಿಗೆದ್ದ ಜನ ಕುರ್ಚಿ ಕಿತ್ತು ಎಸೆದರು, ಆಯೋಜಕನ ಬಂಧನವಾಯಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಲಿವರ್‌ಪೂಲಿಗೆ ಟಿವಿಯ ಹೊಳೆ ಇದೆ, ನಮ್ಮ ಕ್ಲಬ್ಬುಗಳಿಗಿಲ್ಲ. ಅವು ನಡೆಯುವುದು ಮಾಲೀಕರ ಕಿಸೆಯಿಂದ. 2010ರಲ್ಲಿ ಹದಿನೈದು ವರ್ಷಕ್ಕೆ 700 ಕೋಟಿ ರೂಪಾಯಿಗೆ ಆದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ವಾಣಿಜ್ಯ ಒಪ್ಪಂದ 2025ರ ಕೊನೆಗೆ ಮುಗಿಯುವುದರಲ್ಲಿತ್ತು. ಮುಂದೇನೆಂದು ತಿಳಿಯದೆ ಜುಲೈನಲ್ಲೇ ಲೀಗ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು. ಮೋಹನ್ ಬಾಗಾನ್, ಜೊಹೊರ್ ಎದುರು ಕಂಠ ಹರಿಯುವಂತೆ ಕೂಗಿದ್ದ ಜನ ಆ ಸುದ್ದಿಯನ್ನು ಮೊಬೈಲಿನಲ್ಲಿ ಓದಿದರು. ಇದರರ್ಥ ಟಿಕೆಟ್ ದರ ಏರಿಸಿ ನಷ್ಟ ತುಂಬಬೇಕೆಂದಲ್ಲ. ತುಂಬಿದ ಗ್ಯಾಲರಿ ಇಲ್ಲದಿದ್ದರೆ ಟಿವಿಗೆ ತೋರಿಸಲು ಏನಿದೆ? ಖಾಲಿ ಆಸನಗಳ ಮುಂದಿನ ಪಂದ್ಯಕ್ಕೆ ಯಾವ ಕಂಪನಿ ಹಣ ಹೂಡುತ್ತದೆ? ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಹಾಡುವವರು ಲೀಗಿನ ಆಸ್ತಿ. ಅವರಿಂದ ವಸೂಲಿ ಮಾಡುವುದಕ್ಕಿಂತ ಅವರನ್ನು ಉಳಿಸಿಕೊಳ್ಳುವುದೇ ಲಾಭ.

ಬೆಲೆಗೆ ಮಿತಿ ಹಾಕುವುದು ಸರ್ಕಾರಕ್ಕೆ ಹೊಸದೇನಲ್ಲ. 2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ಸಿನಿಮಾ ಟಿಕೆಟ್ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದೆಂದು ಅಧಿಸೂಚನೆ ಹೊರಡಿಸಿತು. ಮಲ್ಟಿಪ್ಲೆಕ್ಸ್‌ನವರು ಹೈಕೋರ್ಟಿಗೆ ಹೋದರು, 23ರಂದು ತಡೆ ಬಂತು. ಚಿತ್ರಮಂದಿರ ಖಾಸಗಿಯವರ ಆಸ್ತಿ, ಹಾಗಾಗಿ ಅಲ್ಲಿ ವಾದಕ್ಕೆ ಎಡೆಯಿದೆ. ಕಂಠೀರವ ಖಾಸಗಿಯವರದ್ದಲ್ಲ. ಅದು ರಾಜ್ಯದ ಕ್ರೀಡಾ ಇಲಾಖೆಯ ಕೈಯಲ್ಲಿರುವ, ಜನರ ತೆರಿಗೆಯಿಂದ ಕಟ್ಟಿದ ಮೈದಾನ. ಅದನ್ನು ಯಾವ ಕ್ಲಬ್ಬಿಗೆ, ಯಾವ ಪಂದ್ಯಕ್ಕೆ ಬಾಡಿಗೆ ಕೊಟ್ಟರೂ ಕರಾರಿನಲ್ಲಿ ಮೂರು ಸಾಲು ಸೇರಿಸಲು ಯಾವ ಹೊಸ ಕಾನೂನೂ ಬೇಡ: ಒಂದು ಇಡೀ ಗ್ಯಾಲರಿ ಬಿಎಂಟಿಸಿ ದಿನದ ಪಾಸಿನ ಆಸುಪಾಸಿನ ದರಕ್ಕೆ; ಸಮವಸ್ತ್ರದಲ್ಲಿ ಬಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತ; ವಾರದ ದಿನಗಳಲ್ಲಿ ಪಂದ್ಯ ಏಳರೊಳಗೆ ಶುರು. ಮುಂದಿನ ಬಾಡಿಗೆ ಕರಾರಿಗೆ ಸಹಿ ಬೀಳುವ ಮೊದಲು ಇದನ್ನು ಕೇಳಬೇಕಾದವರು ವೆಸ್ಟ್ ಬ್ಲಾಕ್‌ನವರು, ಗೌತಮಪುರದವರು, ಮತ್ತು ನೇರಳೆ ಮಾರ್ಗದಲ್ಲಿ ಬಂದು ಹೋಗುವ ನಾವು.